ಕೋವಿಯ ಬಾಯಿಗೆ ಹಸಿರು ಬಟ್ಟೆ

ಅವರು ತೀರಿಹೋದ ಮೇಲೆ ಅವರದೆಂದು ನನ್ನ ಪಾಲಿಗೆ ಬಂದದ್ದು ಒಂದೇ ವಸ್ತು, ಬಾಟಲಿಯ ಬಿರಡೆ ಎಳೆಯುವ ಕಬ್ಬಿಣದ ತಿರುಪು. ಅದರ ಮರದ ಹಿಡಿ ಕೈಬೆವರು ಕುಡಿದು ಕಪ್ಪಾಗಿದೆ. ಅವರ ಪಕ್ಕದ ಕೋಣೆಯಲ್ಲಿದ್ದ ಬಸ್ ಕಂಡಕ್ಟರು ಅದನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟು, "ನಿಮಗೇ ಕೊಡಬೇಕು ಅಂತ ಎರಡು ಸಲ ಹೇಳಿದ್ರು. ಎಂಥಕ್ಕೆ ಅಂತ ಹೇಳಲಿಲ್ಲ" ಎಂದರು. ಎಂಥಕ್ಕೆ ಎಂದು ನನಗೆ ಗೊತ್ತಿತ್ತು. ಪೊಟ್ಟಣವನ್ನು ಆ ದಿನ ಬಿಚ್ಚಲಿಲ್ಲ. ಹೊಲಿಗೆ ಮಿಷನ್ನಿನ ಕೆಳಗಿನ ಡ್ರಾಯರಿನಲ್ಲಿಟ್ಟೆ.

ಮಡಿಕೇರಿಯಲ್ಲಿ ಅವರನ್ನು ಎಲ್ಲರೂ ಬಟ್ಲರು ಎಂದೇ ಕರೆಯುತ್ತಿದ್ದರು. ಕರಾವಳಿ ಕಡೆಯವರು. ಹುಡುಗನಾಗಿದ್ದಾಗ ಘಟ್ಟ ಹತ್ತಿ ಬಂದು ಇಂಗ್ಲಿಷ್ ದೊರೆಯೊಬ್ಬನ ತೋಟದ ಬಂಗಲೆ ಸೇರಿದ್ದರು. ಮೂವತ್ತು ವರ್ಷ ಆ ಬಂಗಲೆಯಲ್ಲಿ ದೀಪ ಹಚ್ಚಿದರು, ಬೆಳ್ಳಿ ಚಮಚ ತಿಕ್ಕಿದರು, ಪರದೆ ಒಗೆಸಿದರು. ದೊರೆ ತೋಟ ಮಾರಿ ಹಡಗು ಹತ್ತಿದ. ಬಂಗಲೆಯ ಸಾಮಾನು ಹರಾಜಾಯಿತು. ಸೋಫಾ ಒಂದು ಮನೆಗೆ ಹೋಯಿತು, ಅದರ ಜೊತೆಯ ಎರಡು ಕುರ್ಚಿ ಇನ್ನೊಂದು ಮನೆಗೆ, ನಿಲುವುಗನ್ನಡಿ ಮತ್ತೊಂದಕ್ಕೆ. ಸಾಮಾನನ್ನು ಲಾರಿಯಿಂದ ಇಳಿಸಿದ ಮೇಲೆ ಅದನ್ನು ಎಲ್ಲಿ ಇಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಬಟ್ಲರನ್ನು ಕರೆಸಿ ಎನ್ನುವ ಮಾತು ಹುಟ್ಟಿದ್ದು ಹಾಗೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಕಾಫಿಗೆ ಒಳ್ಳೆಯ ಬೆಲೆ ಇತ್ತು. ತೋಟದವರ ಮನೆಗಳಲ್ಲೆಲ್ಲ ಎದುರು ಕೋಣೆಯನ್ನು 'ಹಾಲ್' ಎಂದು ಕರೆಯಲು ಶುರುಮಾಡಿದ್ದರು. ಸುಣ್ಣದ ಗೋಡೆಗೆ ತಿಳಿಹಸಿರು ಡಿಸ್ಟೆಂಪರು, ಕೆಂಪು ಸಿಮೆಂಟಿನ ನೆಲಕ್ಕೆ ಕರಿ ಅಂಚು, ಕಿಟಕಿಗೆ ನೆಲ ಮುಟ್ಟುವ ಪರದೆ, ಹಳೆಯ ಕಾಫಿ ಗಿಡದ ಬೇರನ್ನು ತೊಳೆದು ವಾರ್ನಿಷ್ ಹೊಡೆದು ಅದರ ಮೇಲೆ ಗಾಜು ಕೂರಿಸಿದ ಟೀಪಾಯಿ. ಒಂದು ಮನೆಯಲ್ಲಿ ಕಂಡದ್ದು ಹದಿನೈದು ದಿನದಲ್ಲಿ ನೆರೆಮನೆಯಲ್ಲಿ ಇರುತ್ತಿತ್ತು.

ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮಾರ್ಕೆಟಿನ ಹಿಂದೆ ಒಂದು ಕೋಣೆ ಹಿಡಿದು ರವಿಕೆ, ಲಂಗ ಹೊಲಿಯುತ್ತಿದ್ದೆ. ಒಂದು ದಿನ ಬಟ್ಲರು ಹಳೆಯ ಪರದೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಅದನ್ನು ನನ್ನ ಮಿಷನ್ನಿನ ಮೇಲೆ ಹರಡಿ, "ಇದನ್ನು ಬಿಚ್ಚಿ ನೋಡು ತಂಗಿ. ಹೊಲಿದವನು ಹೊಲಿಗೆ ಎಲ್ಲಿ ಕದ್ದಿಟ್ಟಿದ್ದಾನೆ ಅಂತ ಗೊತ್ತಾಗ್ತದೆ. ಅದು ಗೊತ್ತಾದ್ರೆ ನೀನೂ ಹೊಲೀತಿ" ಎಂದರು. ಎರಡು ದಿನ ಬಿಚ್ಚಿದೆ. ನೆರಿಗೆಯ ಒಳಗೆ ಒಂದು ಪಟ್ಟಿ, ಪಟ್ಟಿಯ ಒಳಗೆ ಇನ್ನೊಂದು; ಹೊರಗೆ ಒಂದು ದಾರವೂ ಕಾಣುತ್ತಿರಲಿಲ್ಲ. ಮೂರನೇ ದಿನ ಹೊಲಿದು ತೋರಿಸಿದೆ. ಅವರು ಹೊಗಳಲಿಲ್ಲ. "ನಾಳೆ ಏಳು ಗಂಟೆ ಬಸ್ಸು. ಟೇಪು ತಗೊಂಡು ಬಾ" ಎಂದಷ್ಟೇ ಹೇಳಿದರು.

ಮನೆಯೊಂದಕ್ಕೆ ಹೋದರೆ ಅವರು ಮೊದಲು ಮಾತಾಡುತ್ತಿರಲಿಲ್ಲ. ಹೊಸ್ತಿಲ ಬಳಿ ನಿಲ್ಲುವರು. ಅಂಗೈಯ ಹಿಂಬದಿಯಿಂದ ಗೋಡೆ ಮುಟ್ಟಿ ತೇವ ನೋಡುವರು. ಆಮೇಲೆ ಅಲ್ಲಿದ್ದ ಪ್ರತಿಯೊಂದು ಕುರ್ಚಿಯಲ್ಲೂ ಒಂದೊಂದು ನಿಮಿಷ ಕೂರುವರು. ಮನೆಯವರಿಗೆ ಕಸಿವಿಸಿ. ಬಂಗಲೆಯ ಆಳು ನಮ್ಮ ಸೋಫಾದಲ್ಲಿ ಕೂತನಲ್ಲ ಎಂದು ಮುಖ ಬಿಗಿಯುವವರೂ ಇದ್ದರು. ಅವರು ಲೆಕ್ಕಿಸುತ್ತಿರಲಿಲ್ಲ. "ಕುರ್ಚಿ ಎಲ್ಲಿಡಬೇಕು ಅಂತ ಕಣ್ಣಿಗೆ ಕೇಳಬಾರದು ಅಮ್ಮ, ಮೊಣಕಾಲಿಗೆ ಕೇಳಬೇಕು" ಎನ್ನುವರು. ಗೋಡೆಯಿಂದ ಕ್ಯಾಲೆಂಡರುಗಳನ್ನು ತೆಗೆಸಿ ಅಡುಗೆಮನೆಗೆ ಕಳಿಸುವರು. ತಿಥಿ ನೋಡುವವರು ಅಡುಗೆಮನೆಯಲ್ಲೇ ಇರುವುದಲ್ಲವಾ ಎಂದು ಕೇಳುವರು.

ಅವರ ಒಂದು ಮಾತನ್ನು ನಾನು ನೂರು ಸಲ ಕೇಳಿರಬೇಕು: "ಮಾಡಿದ್ದು ಕಾಣಬಾರದು." ಮೊಳೆ ಹೊಡೆದರೆ ತಲೆ ಒಳಗಿಳಿಸಿ, ಮೇಲೆ ಜೇನುಮೇಣ ತುಂಬಿ, ಮರದ ಬಣ್ಣ ಬಳಿಯುವರು. ಒಂದು ಮನೆಯ ಅಮ್ಮ ಸುತ್ತ ನೋಡಿ, "ಎಂಥ ಬಟ್ಲರೇ, ನಾಲ್ಕು ದಿನ ಇದ್ದು ನೀವು ಮಾಡಿದ್ದು ಎಂಥದ್ದು? ಎಂಥದೂ ಕಾಣುವುದಿಲ್ಲವಲ್ಲ" ಎಂದಿದ್ದರು. ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದುದನ್ನು ನೋಡಿದೆ. ಅವರು ನಗುವುದು ಅಪರೂಪ.

ಮೂರ್ನಾಡಿನ ಕಡೆ ಒಂದು ಕೊಡವರ ಮನೆ. ಯಜಮಾನರು, ಅವರ ಹೆಂಡತಿ, ಮದುವೆಯಾಗದ ತಮ್ಮ, ತೊಂಬತ್ತರ ಹತ್ತಿರದ ಅಜ್ಜ. ನಾನು ಅಕ್ಕ ಎಂದು ಕರೆಯುತ್ತಿದ್ದುದು ಯಜಮಾನರ ಹೆಂಡತಿಯನ್ನು. ಅವರ ತವರಿನಲ್ಲಿ ಹೊಸ ಹಾಲ್ ಆಗಿತ್ತು. ತನ್ನದು ಅದಕ್ಕಿಂತ ಕಡಿಮೆಯಾಗಬಾರದು ಎಂದು ಹಟ. ಕಡುಹಸಿರು ದಪ್ಪ ಬಟ್ಟೆಯನ್ನು ಮೈಸೂರಿನಿಂದ ತರಿಸಿದ್ದರು. ಹಾಲಿನಲ್ಲಿ ಚಳಿಗೆ ಬೆಂಕಿ ಹಾಕುವ ಗೂಡು ಹೊಸದಾಗಿ ಕಟ್ಟಿಸಿದ್ದರು. ಅದರ ಮೇಲಿನ ಗೋಡೆ ಬೋಳಾಗಿತ್ತು.

"ದೊರೆಯ ಬಂಗಲೆಯಲ್ಲಿ ಅಲ್ಲಿ ಎಂಥ ಇತ್ತು?" ಅಕ್ಕ ಕೇಳಿದರು.

"ಕೋವಿ, ಅಮ್ಮ. ಹಳೇದು. ಹಾರಿಸುವುದಲ್ಲ."

ಅಜ್ಜನ ಮಂಚದ ಮೂಲೆಯಲ್ಲಿ ಒರಗಿಸಿಟ್ಟಿದ್ದ ಜೋಡುನಳಿಗೆ ಕೋವಿಯನ್ನು ಅಕ್ಕ ತಾವೇ ಎತ್ತಿ ತಂದರು. ಅಜ್ಜ ಕೋಲೂರಿಕೊಂಡು ಹಿಂದೆಯೇ ಬಂದರು. ಗೋಡೆಯ ಎತ್ತರವನ್ನು ನೋಡಿ ಬಟ್ಲರಿಗೆ ಹೇಳಿದರು: "ಕೈಗೆ ಎಟುಕುವಲ್ಲಿ ಇಡು. ನನಗೆ ಅದು ಬೇಕಾಗುವ ದಿನ ಏಣಿ ಹುಡುಕುವುದಕ್ಕೆ ಇವರಿಗೆ ಪುರುಸೊತ್ತು ಇರುವುದಿಲ್ಲ."

ಅಜ್ಜನ ಮಾತಿನ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಕಡೆ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸತ್ತರೆ ಎರಡು, ಒಂದರ ಬೆನ್ನಿಗೆ ಒಂದು. ಗುಡ್ಡದಾಚೆಯವರಿಗೆ ಸುದ್ದಿ ತಲುಪುವುದು ಹಾಗೆಯೇ.

ಬಟ್ಲರು ಅಕ್ಕನನ್ನು ಕೇಳಿದರು, "ಇದನ್ನು ಹಾರಿಸುವುದುಂಟಾ ಅಮ್ಮ?"

"ಇಲ್ಲ, ಇಲ್ಲ. ಇನ್ನೊಂದು ಉಂಟಲ್ಲ. ಇದು ಶೋಗೆ ಮಾತ್ರ."

ಯಜಮಾನರೂ ತಮ್ಮನೂ ಆಗ ತೋಟದಲ್ಲಿದ್ದರು. ಮಳೆಗಾಲ ಎದುರಿಗಿತ್ತು. ನಳಿಗೆಯೊಳಗೆ ಕಣಜ ಮಣ್ಣು ಕಟ್ಟುತ್ತದೆ, ತೇವ ಸೇರಿ ತುಕ್ಕು ಹಿಡಿಯುತ್ತದೆ ಎಂದು ಬಟ್ಲರು ನನ್ನ ಹತ್ತಿರ ಎರಡು ತುಂಡು ಬಟ್ಟೆ ಕೇಳಿದರು. ಪರದೆಯ ನೆರಿಗೆಯಲ್ಲಿ ಮಿಕ್ಕಿದ್ದ ಹಸಿರು ಪಟ್ಟಿಯನ್ನು ಕತ್ತರಿಸಿಕೊಟ್ಟೆ. ಅದನ್ನು ಕರಗಿಸಿದ ಮೇಣದಲ್ಲಿ ಅದ್ದಿ, ಬಿಗಿಯಾಗಿ ಸುತ್ತಿ, ಎರಡೂ ನಳಿಗೆಯ ಬಾಯಿಗೆ ಬೆರಳುದ್ದ ಒಳಗೆ ಇಳಿಸಿದರು. ಮೇಲೆ ದೀಪದ ಕಾಡಿಗೆ ಬಳಿದರು. ಎಷ್ಟು ಬಗ್ಗಿ ನೋಡಿದರೂ ನಳಿಗೆಯ ಸಹಜ ಕತ್ತಲೆ ಎನಿಸುತ್ತಿತ್ತೇ ಹೊರತು ಒಳಗೆ ಬಿರಡೆ ಇದೆಯೆಂದು ತಿಳಿಯುತ್ತಿರಲಿಲ್ಲ.

"ಕೈಲ್‌ಪೊಳ್ದಿಗೆ ಮೊದಲು ನಾನೇ ಬಂದು ತೆಗೆದುಕೊಡ್ತೇನೆ" ಎಂದು ಅಕ್ಕನಿಗೆ ಹೇಳಿದರು. ಭಾದ್ರಪದದ ಸುಮಾರಿಗೆ ಬರುವ ಆಯುಧದ ಹಬ್ಬ ಅದು. ಕೋವಿಗಳನ್ನೆಲ್ಲ ಇಳಿಸಿ, ಹೂ ಮುಡಿಸಿ ಪೂಜೆ ಮಾಡುತ್ತಾರೆ. ಅಕ್ಕ ಪರದೆಯ ನೆರಿಗೆ ಸರಿಮಾಡುತ್ತ "ಆಯ್ತು" ಎಂದರು.

ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಅದೇ ಮನೆಯ ಎದುರು, ಗದ್ದೆಯ ಆಚೆ ಬದಿಯ ಮನೆಯಲ್ಲಿ ನಮಗೆ ಕೆಲಸವಿತ್ತು. ಎರಡು ದಿನದಿಂದ ಮಳೆ ಬಿಟ್ಟಿತ್ತು. ಬೆಳಗಿನ ಹತ್ತು ಗಂಟೆ ಇರಬಹುದು. ಬಟ್ಲರು ಏಣಿಯ ಮೇಲೆ ನಿಂತು ಪರದೆಯ ಕೋಲು ಸಿಕ್ಕಿಸುತ್ತಿದ್ದರು. ಕೆಳಗೆ ನಾನು ಬಟ್ಟೆಯನ್ನು ನೆಲ ಮುಟ್ಟದಂತೆ ಹಿಡಿದಿದ್ದೆ. ಆ ಮನೆಯ ಅಮ್ಮ ಒಳಗಿನಿಂದ ಬಿಳಿ ಸೀರೆ ಉಟ್ಟುಕೊಂಡು ಬಂದರು.

"ಇವತ್ತು ಸಾಕು ಬಟ್ಲರೇ. ಆಚೆ ಮನೆ ಅಜ್ಜ ಹೋದ್ರಂತೆ."

"ಗುಂಡು ಕೇಳಲಿಲ್ಲವಲ್ಲ" ಎಂದರು ಬಟ್ಲರು, ಕೋಲಿನಿಂದ ಕಣ್ಣು ತೆಗೆಯದೆ.

"ಅವರಲ್ಲಿ ಕೋವಿಗೆ ಹಾಕುವ ತೋಟೆ ಇರಲಿಲ್ಲವಂತೆ. ಆಳು ಬಂದಿದ್ದ. ಎರಡು ಕೊಟ್ಟು ಕಳಿಸಿದೆ. ಯಜಮಾನರು ಇನ್ನೊಂದು ಕೋವಿ ತಗೊಂಡು ಏಲಕ್ಕಿ ಮಲೆಗೆ ಹೋಗಿದ್ರಲ್ಲ, ತೋಟೆ ಎಲ್ಲ ಅಲ್ಲೇ ಉಂಟಂತೆ. ಸುದ್ದಿ ಕೇಳಿ ಅವರು ಬರಿಗೈಯಲ್ಲೇ ಓಡಿ ಬಂದದ್ದು."

"ಹಾಗಾದ್ರೆ ಯಾವ ಕೋವಿಯಲ್ಲಿ ಹಾರಿಸುವುದು?"

"ಮನೇಲಿ ಒಂದು ಉಂಟಲ್ಲ. ನೀವೇ ಇಟ್ಟದ್ದು."

ಕೋಲು ಅವರ ಕೈಯಿಂದ ಜಾರಿ ನನ್ನ ಹೆಗಲಿಗೆ ತಾಗಿ ಬಿತ್ತು. ಏಣಿಯ ಕೊನೆಯ ಮೂರು ಮೆಟ್ಟಿಲನ್ನು ಅವರು ಇಳಿಯಲಿಲ್ಲ, ಹಾರಿದರು. ತೋಟೆಯನ್ನು ಹಿಂದಿನಿಂದ ತುಂಬುವ ಕೋವಿ ಅದು. ಬಾಯಿ ಮುಚ್ಚಿದ್ದರೆ ತುಂಬುವವರಿಗೆ ತಿಳಿಯುವುದೇ ಇಲ್ಲ. ಕುದುರೆ ಒತ್ತಿ ಹಾರಿಸಿದರೆ, ಹಿಡಿದವನ ಕೈಯಲ್ಲೇ ನಳಿಗೆ ಸಿಡಿಯುತ್ತದೆ.

ಬದುವಿನ ಮೇಲೆ ಓಡಿದೆವು. ನಾಟಿಯಾದ ಗದ್ದೆ, ಎರಡೂ ಕಡೆ ನೀರು, ಬದು ಸೋಪು ಹಚ್ಚಿದಂತೆ ಜಾರುತ್ತಿತ್ತು. ತೋಟೆ ತಂದ ಆಳು ಆಗಲೇ ಆ ಮನೆಯ ಮೆಟ್ಟಿಲು ಹತ್ತುತ್ತಿದ್ದುದು ಕಾಣಿಸಿತು. ಬಟ್ಲರು ಕೂಗಿದರು. ಅವನು ತಿರುಗಲಿಲ್ಲ. ಅರ್ಧ ದಾರಿಯಲ್ಲಿ ಅವರ ಕಾಲು ಜಾರಿತು, ಸೊಂಟದವರೆಗೆ ಕೆಸರಿಗೆ ಹೋದರು. ನಾನು ನಿಂತೆ.

"ನಿಲ್ಲಬೇಡ ತಂಗಿ. ಓಡು."

ಸೀರೆ ಎತ್ತಿಕಟ್ಟಿ ಓಡಿದೆ. ಅಂಗಳಕ್ಕೆ ಬಂದಾಗ ಯಜಮಾನರ ತಮ್ಮ ಕೋವಿ ಮಡಚಿ ತೋಟೆ ತುಂಬಿ ಮುಚ್ಚುತ್ತಿದ್ದರು. ಜಗುಲಿಯಲ್ಲಿ ಹೆಂಗಸರು ಅಳುತ್ತಿದ್ದರು. ತಮ್ಮ ನಾಲ್ಕು ಹೆಜ್ಜೆ ಮುಂದೆ ಬಂದು ಕೋವಿಯನ್ನು ಆಕಾಶಕ್ಕೆ ಎತ್ತಿದರು. ನನಗೆ ಉಸಿರು ಇರಲಿಲ್ಲ, ಮಾತು ಬರಲಿಲ್ಲ. ಹೋಗಿ ಎರಡೂ ಕೈಯಿಂದ ನಳಿಗೆಗೆ ಜೋತುಬಿದ್ದೆ.

"ಯಾರಿದು? ಬಿಡಿ, ಬಿಡಿ."

"ಒಳಗೆ ಬಟ್ಟೆ ಉಂಟು. ಹಾರಿಸಿದರೆ ಒಡೀತದೆ."

ಅವರು ಬಾಯಿಯ ಕಡೆಯಿಂದ ಬಗ್ಗಿ ನೋಡಿದರು. "ಎಂಥದೂ ಇಲ್ಲವಲ್ಲ ಇಲ್ಲಿ."

"ತೋಟೆ ತೆಗೆದು ಹಿಂದಿನಿಂದ ನೋಡಿ. ಬೆಳಕು ಬರ್ತದಾ ನೋಡಿ."

ತೋಟೆ ತೆಗೆದು ಕೋವಿಯನ್ನು ಮೋಡದ ಕಡೆ ಹಿಡಿದು ಕಣ್ಣಿಟ್ಟರು. ಒಂದು ನಳಿಗೆ ನೋಡಿದರು, ಇನ್ನೊಂದು ನೋಡಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಹತ್ತಿರದಿಂದ ಕಂಡೆ.

ಅಷ್ಟರಲ್ಲಿ ಬಟ್ಲರು ಬಂದರು. ಒಂದು ಪಕ್ಕ ಪೂರ್ತಿ ಕೆಸರು. ಯಾರನ್ನೂ ಕೇಳದೆ ಕೋವಿ ತೆಗೆದುಕೊಂಡು ಅಂಗಳದಲ್ಲಿ ಮಂಡಿಯೂರಿ ಕೂತರು. ಬಂಗಲೆಯ ಕಾಲದಿಂದ ಜೇಬಿನಲ್ಲಿದ್ದ ತಿರುಪು ತೆಗೆದರು. ಬಿಗಿದು ಇಳಿಸಿದ್ದ ಬಟ್ಟೆ ಮೂರು ತಿಂಗಳ ತೇವಕ್ಕೆ ಉಬ್ಬಿ ಕಲ್ಲಾಗಿತ್ತು. ಹಿಂದಿನಿಂದ ಬಿದಿರಿನ ಕೋಲಿನಲ್ಲಿ ನೂಕಿದರು, ಕೋಲು ಬಾಗಿತು. ತಿರುಪನ್ನು ಸುತ್ತಿ ಸುತ್ತಿ ಎಳೆದಾಗ ಮೊದಲನೆಯದು ಹೊರಗೆ ಬಂತು. ಹಸಿರು ಬಟ್ಟೆ ನೆಲದ ಮೇಲೆ ಬಿತ್ತು. ಅಳು ನಿಂತಿತ್ತು. ಎಲ್ಲರೂ ನೋಡುತ್ತಿದ್ದರು.

ಎರಡನೆಯದು ಹರಿಯಿತು. ಅರ್ಧ ತಿರುಪಿಗೆ ಬಂತು, ಅರ್ಧ ಒಳಗೇ ಉಳಿಯಿತು.

ಸಂಬಂಧಿಕರಲ್ಲಿ ಹಿರಿಯರೊಬ್ಬರು, "ಒಂದು ಬಿಟ್ಟಿತಲ್ಲ, ಅದರಲ್ಲೇ ಎರಡು ಸಲ ಹಾರಿಸಿ. ಹೊತ್ತಾಗ್ತದೆ" ಎಂದರು.

ಬಟ್ಲರು ತಲೆಯೆತ್ತದೆ ಹೇಳಿದರು, "ಬೇಡ ಸ್ವಾಮಿ. ತೋಟೆ ಬದಲಿಸುವಷ್ಟರಲ್ಲಿ ಗುಡ್ಡದಾಚೆಯವರು ಗಂಡು ಮಗು ಅಂತ ತಿಳೀತಾರೆ. ಅಜ್ಜನ ಸಾವಿಗೆ ಯಾರೂ ನಗುವುದು ಬೇಡ."

ತಿರುಪಿನ ಮೊನೆ ಹೆಬ್ಬೆರಳಿಗೆ ಇಳಿದು ರಕ್ತ ಬಂತು. ಅವರು ಕೈ ಬದಲಿಸಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ ಉಳಿದರ್ಧವೂ ಬಂತು. ಎರಡೂ ನಳಿಗೆಯಲ್ಲಿ ಆಕಾಶ ನೋಡಿ, ಇನ್ನೊಮ್ಮೆ ನೋಡಿ, ಕೋವಿಯನ್ನು ತಮ್ಮನ ಕೈಗೆ ಕೊಟ್ಟರು. ಎರಡು ಗುಂಡು ಹಾರಿತು. ಕಣಿವೆಯ ಆಚೆ ಯಾರದೋ ಮನೆಯ ನಾಯಿ ಬೊಗಳಿತು.

ಆಮೇಲೆ ಯಜಮಾನರು ಮೆಟ್ಟಿಲಿಳಿದು ಬಂದು ಕೇಳಿದರು. ಸ್ವರ ಎತ್ತರಿಸಲಿಲ್ಲ.

"ಇದನ್ನು ಮಾಡಿ ಅಂತ ನಿಮಗೆ ಹೇಳಿದ್ದು ಯಾರು?"

ಬಟ್ಲರು ಜಗುಲಿಯ ಕಡೆ ನೋಡಿದರು. ಅಕ್ಕ ಕಂಬದ ಬಳಿ ನಿಂತಿದ್ದರು, ತಲೆಗೆ ಕಟ್ಟಿದ ವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದರು. ಶೋಗೆ ಮಾತ್ರ ಎಂದ ಮಾತು, ಹಬ್ಬಕ್ಕೆ ಮೊದಲು ತೆಗೆಯುತ್ತೇನೆಂದ ಮಾತು, ಅವರಿಗೆ ನೆನಪಿರಲೇಬೇಕು. ಅವರು ಕಣ್ಣು ಕೆಳಗೆ ಹಾಕಿದರು.

"ಯಾರೂ ಹೇಳಲಿಲ್ಲ. ನಾನೇ ಮಾಡಿದ್ದು" ಎಂದರು ಬಟ್ಲರು.

"ಇನ್ನು ಈ ಮೆಟ್ಟಿಲು ಹತ್ತಬೇಡಿ."

ನಾನು ಪಕ್ಕದಲ್ಲೇ ಇದ್ದೆ. ಬಟ್ಟೆ ಕತ್ತರಿಸಿಕೊಟ್ಟವಳು ನಾನು, ಅಕ್ಕನ ಮಾತು ಕಿವಿಯಾರೆ ಕೇಳಿದವಳು ನಾನು. ಬಾಯಿ ಬಿಡಲಿಲ್ಲ. ಅಕ್ಕ ಹತ್ತು ಮನೆಗೆ ಹೇಳಿ ನನಗೆ ಕೆಲಸ ಕೊಡಿಸಿದ್ದರು. ಸಾವಿನ ಅಂಗಳದಲ್ಲಿ ಆ ಮಾತು ಬೇಡ ಎಂದು ಆಗ ಅಂದುಕೊಂಡೆ. ಅದು ನೆಪ.

ಮಾತು ಬೇಗ ಹರಡಿತು. ತಮ್ಮನ ಮುಖ ಹಾರಿಹೋಗುತ್ತಿತ್ತಂತೆ, ಬಟ್ಲರು ಕೋವಿಗೆ ಬಟ್ಟೆ ತುರುಕಿದ್ದರಂತೆ. ಗದ್ದೆಯಾಚೆ ನಾವು ಅರ್ಧಕ್ಕೆ ಬಿಟ್ಟ ಮನೆಯ ಪರದೆಯನ್ನು ನಾನೊಬ್ಬಳೇ ಹೋಗಿ ಮುಗಿಸಿದೆ. ಆಮೇಲೆ ಯಾವ ಮನೆಯವರೂ ಅವರನ್ನು ಕರೆಯಲಿಲ್ಲ. ನನ್ನನ್ನು ಕರೆದರು. ಅವರು ಕಲಿಸಿದ ನೆರಿಗೆಯನ್ನೇ ನಾನು ಹೊಲಿಯುತ್ತಿದ್ದೆ. ಅವರು ಕಾಫಿ ಬೇರಿನ ಸ್ಟೂಲು ಮಾಡಿ ಬಸ್‌ಸ್ಟ್ಯಾಂಡಿನ ಬಳಿ ಮಾರುತ್ತಿದ್ದರು. ಒಂದು ದಿನವೂ ಆ ಸಂಗತಿ ಎತ್ತಲಿಲ್ಲ. "ಇವತ್ತು ಯಾವ ಮನೆ?" ಎಂದು ಕೇಳುವರು. ಹೇಳಿದರೆ, "ಆ ಹಾಲಿನ ಬಡಗಣ ಗೋಡೆ ತೇವ. ಪರದೆ ಒಂದು ಬೆರಳು ಬಿಟ್ಟು ಕಟ್ಟು" ಎನ್ನುವರು.

ಬದಲಾದದ್ದು ಅವರ ಕೈ. ಒಂದು ಸಲ ನನ್ನ ಕೋಣೆಗೆ ಹಲಗೆ ಹೊಡೆದುಕೊಟ್ಟರು. ಮೊಳೆಯ ತಲೆಗಳು ಹೊರಗೇ ಇದ್ದವು, ಸಾಲಾಗಿ. ಮೇಣ ತುಂಬಲಿಲ್ಲವಾ ಎಂದು ಕೇಳಿದೆ.

"ಕಾಣಲಿ. ನಾಳೆ ತೆಗೆಯುವವರಿಗೆ ಎಲ್ಲಿಂದ ತೆಗೆಯಬೇಕು ಅಂತ ಗೊತ್ತಾಗಬೇಕಲ್ಲ."

ಅಂದಿನಿಂದ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಬಂದು ನನ್ನ ಹತ್ತಿರ ಒಂದು ಮಾರು ಗಟ್ಟಿ ಕೆಂಪು ದಾರ ಕೇಳುತ್ತಿದ್ದರು. ಯಾತಕ್ಕೆಂದು ಹೇಳುತ್ತಿರಲಿಲ್ಲ. ಈ ವರ್ಷವೂ ಒಯ್ದರು. ಕೆಮ್ಮು ಜೋರಾಗಿತ್ತು. ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಹೋದರು. ಅವರಿಗೆ ಗುಂಡು ಹಾರಿಸುವವರು ಯಾರೂ ಇರಲಿಲ್ಲ. ಅವರ ಕಡೆ ಆ ಪದ್ಧತಿಯೂ ಇಲ್ಲ. ನಾವು ಆರೇಳು ಜನ ಇದ್ದೆವು.

ಹೋದ ವಾರ ಮೂರ್ನಾಡಿನ ಆ ಮನೆಯಿಂದ ಕರೆ ಬಂತು. ತಮ್ಮನ ಮದುವೆ ಗೊತ್ತಾಗಿದೆ. ಹಸಿರು ಪರದೆ ಹಳತಾಯಿತು, ಈಗ ಎಲ್ಲರೂ ಹಾಕುತ್ತಿರುವ ನೈಲಾನಿನದು ಬೇಕು. ಹೋಗುವಾಗ ಡ್ರಾಯರಿನಿಂದ ತಿರುಪು ತೆಗೆದು ಚೀಲಕ್ಕೆ ಹಾಕಿಕೊಂಡೆ. ಯಾಕೆಂದು ಸ್ಪಷ್ಟವಾಗಿ ಹೇಳಲಾರೆ. ಅದನ್ನು ಅಕ್ಕನ ಮುಂದಿಟ್ಟರೆ ಸಾಕು, ಬೇರೆ ಮಾತು ಬೇಕಿಲ್ಲ ಎಂದು ಯೋಚಿಸಿದ್ದಿರಬೇಕು.

ಹಾಲಿನಲ್ಲಿ ಯಜಮಾನರು, ತಮ್ಮ, ಅಕ್ಕ ಮೂವರೂ ಇದ್ದರು. ಕುರ್ಚಿಗಳು ಬಟ್ಲರು ಇಟ್ಟಲ್ಲೇ ಇದ್ದವು. ಬೆಂಕಿಗೂಡಿನ ಮೇಲೆ ಕೋವಿ. ನಳಿಗೆಯ ಬಾಯಿಂದ ಗೇಣುದ್ದದ ಎರಡು ಕೆಂಪು ದಾರ ಹೊರಗೆ ಇಳಿಬಿದ್ದಿದ್ದವು. ನನ್ನ ದಾರ. ಟೇಪು ಕೈಯಲ್ಲಿ ಹಿಡಿದು ಹಾಗೆಯೇ ನಿಂತೆ.

ಯಜಮಾನರು ನನ್ನ ನೋಟ ಹಿಡಿದು ಹೇಳಿದರು, "ಅದಾ? ಇವಳ ಹರಕೆ ದಾರ ಇರಬೇಕು. ಮಳೆಗಾಲಕ್ಕೆ ಬರ್ತದೆ, ಹಬ್ಬಕ್ಕೆ ಮಾಯವಾಗ್ತದೆ. ಮದುವೆಗೆ ಬಂದವರ ಕಣ್ಣಿಗೆ ಮೊದಲು ಅದೇ ಬೀಳ್ತದೆ. ನಿಮ್ಮ ಹತ್ತಿರ ಕತ್ತರಿ ಉಂಟಲ್ಲ ಟೈಲರಮ್ಮ, ಬುಡಕ್ಕೆ ಕತ್ತರಿಸಿಬಿಡಿ."

ತಮ್ಮ ಎದ್ದು ಕೋವಿ ಇಳಿಸಿ ಟೀಪಾಯಿಯ ಮೇಲಿಟ್ಟರು. ಕತ್ತರಿ ನನ್ನ ಕೈಗೆ ಬಂದಿತ್ತು. ದಾರ ಕತ್ತರಿಸಿದರೆ ಅದಕ್ಕೆ ಕಟ್ಟಿದ ಒಳಗಿನ ಬಿರಡೆ ಮತ್ತೆ ಯಾರಿಗೂ ಕಾಣುವುದಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಕತ್ತರಿಸಬಾರದು" ಎಂದೆ. "ಇದು ಹರಕೆಯದಲ್ಲ. ಬಟ್ಲರು ಕಟ್ಟಿದ್ದು. ಅವತ್ತಿನ ಹಸಿರು ಬಟ್ಟೆ ಕತ್ತರಿಸಿಕೊಟ್ಟದ್ದೂ ನಾನೇ. ಅವತ್ತು ಹೇಳಲಿಲ್ಲ."

ಯಜಮಾನರ ಮುಖ ಬಿಗಿಯಿತು. "ಬಟ್ಲರಾ? ಈ ಮನೆಗೆ ಅವನನ್ನು ಬಿಟ್ಟದ್ದು ಯಾರು?"

ನಾನು ಕತ್ತರಿಯನ್ನು ಚೀಲಕ್ಕೆ ಹಾಕಿದೆ. ಅಕ್ಕ ಕುರ್ಚಿಯ ಹಿಡಿ ಹಿಡಿದು ಎದ್ದರು.

"ನಾನು. ವರ್ಷಾ ವರ್ಷಾ ನೀವು ಮಲೆಗೆ ಹೋದಾಗ ಅಡುಗೆಮನೆ ಬಾಗಿಲಿಂದ ಬರ್ತಿದ್ರು. ಒಂದು ಲೋಟ ಕಾಫಿ ಕೂಡ ಮುಟ್ಟುತ್ತಿರಲಿಲ್ಲ. ಆ ವರ್ಷ ಇದು ಶೋಗೆ ಮಾತ್ರ, ಹಾರಿಸುವುದಿಲ್ಲ ಅಂತ ಹೇಳಿದ್ದು ನಾನು. ಹಬ್ಬಕ್ಕೆ ತೆಗೀತೇನೆ ಅಂತ ಅವರು ಹೇಳಿಯೂ ಹೋಗಿದ್ರು. ಅಜ್ಜ ಸತ್ತ ಗಡಿಬಿಡಿಯಲ್ಲಿ ಮರೆತೆ. ನೀವು ಕೇಳಿದಾಗ ಮರೆತಿರಲಿಲ್ಲ."

ಯಜಮಾನರು ಹೆಂಡತಿಯ ಮುಖ ನೋಡಿದರು, ಕೋವಿ ನೋಡಿದರು. ತಮ್ಮ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ಯಜಮಾನರು ಕೇಳಿದರು, "ಈಗ ಅವರು ಎಲ್ಲಿದ್ದಾರೆ?"

"ಆಟಿಯಲ್ಲಿ ಹೋದರು" ಎಂದೆ.

ಅವರು ಕಿಟಕಿಯ ಕಡೆ ತಿರುಗಿ ನಿಂತರು. ತಿರುಗದೆಯೇ ಹೇಳಿದರು, "ಹಬ್ಬಕ್ಕೆ ಎಂಟು ದಿನ ಉಂಟು. ಈ ಸಲ ಯಾರು ತೆಗೆಯುವುದು?"

ನಾನು ಚೀಲದಿಂದ ತಿರುಪು ತೆಗೆದೆ. ನೆಲದ ಮೇಲೆ ಕೂತು ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮೊದಲು ಒಂದು ದಾರವನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಎಳೆದೆ. ಬಿರಡೆ ಸದ್ದಿಲ್ಲದೆ ಜಾರಿ ಕೈಗೆ ಬಂತು. ಎರಡನೆಯದೂ ಹಾಗೆಯೇ ಬಂತು. ತಿರುಪು ಬೇಕಾಗಲಿಲ್ಲ.